ದುರ್ಗದಲ್ಲಿ ರಾಮಾಚಾರಿಯ ಮನೆ

ಚಿತ್ರದುರ್ಗದ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡ, ಈ ಮೂರರ ನಡುವೆ ಬೊಗಸೆಯಲ್ಲಿ ಹಿಡಿದಿಟ್ಟಂತಿರುವ ತಗ್ಗಿಗೆ ಚಂದ್ರವಳ್ಳಿಯೆಂದು ಹೆಸರು. ಊರಿನಿಂದ ಬಹು ದೂರವೇನೂ ಇಲ್ಲ; ಮೂರು ನಾಲ್ಕು ಕಿಲೋಮೀಟರು ನಡೆದರೆ ಅಂಗಡಿ ಬೀದಿಯ ಗದ್ದಲವೆಲ್ಲ ಬೆಟ್ಟದ ಆಚೆಗೆ ನಿಂತು, ಕೆರೆಯ ನೀರೂ ಬಂಡೆಗಳ ನೆರಳೂ ಎದುರಾಗುತ್ತವೆ. ಮಳೆಯನ್ನು ನಂಬಿ ಬದುಕುವಂತಿಲ್ಲದ ಈ ಸೀಮೆಯಲ್ಲಿ ಕೆರೆಯಲ್ಲಿ ನೀರಿರುವ ವರ್ಷ ಚಂದ್ರವಳ್ಳಿಗೆ ಒಂದು ಕಳೆ, ಇಲ್ಲದ ವರ್ಷ ಇನ್ನೊಂದು ಕಳೆ. ಬಂಡೆಗಳಿಗೆ ಮಾತ್ರ ಯಾವ ಭೇದವೂ ಇಲ್ಲ. ಒಂದರ ಮೇಲೊಂದು, ಈಗ ಬಿದ್ದಾವೆಂಬಂತೆ ಕುಳಿತು, ಎಷ್ಟೋ ಸಾವಿರ ವರ್ಷಗಳಿಂದ ಬೀಳದೆ ಇವೆ.

ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿಗಳಿಂದ ಬಂದಿಳಿಯುವ ಸಂಸಾರಗಳು ಮೊದಲು ಓಡುವುದು ಕೋಟೆಗೆ. ಬುತ್ತಿ ಬಿಚ್ಚುವುದಕ್ಕೆ ನೆರಳು ಬೇಕೆನಿಸಿದಾಗ, ಅಥವಾ ಹೊತ್ತು ಉಳಿದಾಗ ಮಾತ್ರ ಚಂದ್ರವಳ್ಳಿಯ ನೆನಪಾಗುತ್ತದೆ. ಹೀಗೆ ಕೋಟೆಗೆ ಬಂದ ಒಂದು ತಂಡದಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಜೊತೆಗೊಬ್ಬ ಅಜ್ಜಿ. ಮಾರ್ಗದರ್ಶಿಯು ಏಳು ಸುತ್ತು, ಹತ್ತೊಂಬತ್ತು ಹೆಬ್ಬಾಗಿಲು, ಮೂವತ್ತೆಂಟು ದಿಡ್ಡಿ ಬಾಗಿಲು ಎಂದು ಲೆಕ್ಕ ಒಪ್ಪಿಸುತ್ತಿದ್ದರೆ, ಅಜ್ಜಿಗೆ ಆ ಲೆಕ್ಕದಲ್ಲಿ ಮನಸ್ಸಿಲ್ಲ.

“ಅದಿರಲಪ್ಪಾ, ರಾಮಾಚಾರಿ ಮನೆ ಯಾವ ಕಡೆ?” ಎಂದು ಕೇಳಿದರು.

ಮಾರ್ಗದರ್ಶಿ ನಗಲಿಲ್ಲ. ಈ ಪ್ರಶ್ನೆ ಅವನಿಗೆ ಹೊಸದಲ್ಲವೆಂಬುದು ಮುಖದಲ್ಲಿಯೇ ಕಾಣುತ್ತಿತ್ತು. “ಅದು ಕತೇಲಿ ಬರೋ ಮನೆ ಕಣಜ್ಜಿ. ಅವ ನಿಂತ ಬಂಡೆ ಬೇಕಾದ್ರೆ ತೋರಿಸ್ತೀನಿ ಬನ್ನಿ” ಎಂದ.

ರಾಜರು ಆಳಿದ ದುರ್ಗದಲ್ಲಿ ರಾಜರ ಮನೆಯನ್ನು ಕೇಳುವವರು ಕಡಮೆ. ಎಂದೂ ಹುಟ್ಟದ ಒಬ್ಬ ಹುಡುಗನ ಮನೆಯನ್ನು ಕೇಳುವವರು ಹೆಚ್ಚು. ಇದನ್ನು ಅಜ್ಞಾನವೆಂದು ತಳ್ಳಿಬಿಡುವುದು ಸುಲಭ. ಆದರೆ ದುರ್ಗದಲ್ಲಿ ಮನೆಗಳನ್ನು ಹುಡುಕಹೊರಟವರಿಗೆ ಮಾತು ಅಷ್ಟು ಸುಲಭವಾಗಿ ಮುಗಿಯುವುದಿಲ್ಲ.

ಹುಡುಕುವುದಾದರೆ ಚಂದ್ರವಳ್ಳಿಯಿಂದಲೇ ಮೊದಲುಮಾಡಬೇಕು. ಇಲ್ಲಿಯ ಭೈರವೇಶ್ವರನ ಗುಡಿಯ ಬಳಿಯ ಬಂಡೆಯೊಂದರ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ. ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಸಂಶೋಧನ ಇಲಾಖೆಯಲ್ಲಿದ್ದ ಡಾ॥ ಎಂ. ಎಚ್. ಕೃಷ್ಣ ಅವರು 1929ರ ಸುಮಾರಿನಲ್ಲಿ ಅದನ್ನು ಬೆಳಕಿಗೆ ತಂದರು. ಕೆಲವೇ ಸಾಲುಗಳ ಬರಹ, ಕಾಲ ಕ್ರಿ. ಶ. ನಾಲ್ಕನೆಯ ಶತಮಾನವೆಂದು ಎಣಿಕೆ. ಅದರ ಕೆಲವು ಅಕ್ಷರಗಳನ್ನು ಓದುವ ರೀತಿಯಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವುಂಟು. ಮಯೂರಶರ್ಮನು ಯಾವ ಯಾವ ಅರಸರನ್ನು ಗೆದ್ದನೆಂಬ ಪಟ್ಟಿ ಅಲ್ಲಿದೆಯೋ ಇಲ್ಲವೋ ಎಂಬ ಚರ್ಚೆ ನಡೆದಿದೆ. ಆದರೆ ಅವನು ಇಲ್ಲಿ ಕೆರೆಯನ್ನು ಮಾಡಿಸಿದನೆಂಬ ಮಾತಿನ ಬಗೆಗೆ ಯಾರಿಗೂ ತಕರಾರಿಲ್ಲ. ಕಂಚಿಯ ಪಲ್ಲವರಿಗೆ ಇದಿರಾಗಿ ನಿಂತು ರಾಜ್ಯ ಕಟ್ಟಿದವನೆಂದು ಹೆಸರಾದ ಅರಸನು ಈ ಬಂಡೆಯ ಮೇಲೆ ಉಳಿದಿರುವುದು ಒಂದು ಕೆರೆಯ ನೆಪದಲ್ಲಿ.

ಆ ಕೆರೆಯ ಸುತ್ತ ಅದಕ್ಕೂ ಮೊದಲೇ ಒಂದು ಊರಿತ್ತು. ಕೃಷ್ಣ ಅವರು ಅಗೆಸಿದ ಮೇಲೆ, 1947ರಲ್ಲಿ ಭಾರತದ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರರು ಬ್ರಹ್ಮಗಿರಿಯೊಂದಿಗೆ ಚಂದ್ರವಳ್ಳಿಯಲ್ಲಿಯೂ ಉತ್ಖನನ ನಡೆಸಿದರು. ಮಣ್ಣಿನೊಳಗಿಂದ ಸಾತವಾಹನರ ಕಾಲದ ಸೀಸದ ನಾಣ್ಯಗಳು ಬಂದವು, ಬಣ್ಣ ಬಳಿದ ಮಡಕೆಯ ಚೂರುಗಳು ಬಂದವು. ರೋಮಿನ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿಯ ನಾಣ್ಯಗಳೂ ಇಲ್ಲಿ ಸಿಕ್ಕಿವೆ. ಎಲ್ಲಿಯ ರೋಮ್, ಎಲ್ಲಿಯ ಈ ಮುಳ್ಳುಕಂಟಿಯ ಕಣಿವೆ! ಸಮುದ್ರ ದಾಟಿ ಬಂದ ಬೆಳ್ಳಿ ಯಾರ ಸೊಂಟದ ಚೀಲದಲ್ಲಿ ಇಲ್ಲಿಗೆ ಬಂತೋ, ಯಾವ ಮನೆಯ ಯಜಮಾನನು ಅದನ್ನು ಎಣಿಸಿಕೊಂಡನೋ, ಆ ಮನೆಗಳು ಮಾತ್ರ ಉಳಿದಿಲ್ಲ. ಮಡಕೆ ಉಳಿಯಿತು, ಕಾಸು ಉಳಿಯಿತು, ಗೋಡೆ ಉಳಿಯಲಿಲ್ಲ.

ಹಾಗೆಂದು ಚಂದ್ರವಳ್ಳಿಯಲ್ಲಿ ಮನೆಯೇ ಇಲ್ಲವೆನ್ನುವಂತಿಲ್ಲ. ಒಂದು ಮನೆ ಇದೆ. ಅದು ನೆಲದ ಮೇಲಿಲ್ಲ, ಕೆಳಗಿದೆ. ಅಂಕಲಿ ಮಠವೆಂದು ಜನ ಕರೆಯುವ ಈ ಗುಹೆಗೆ ದೀಪವಿಲ್ಲದೆ ಇಳಿಯಕೂಡದು, ದಾರಿ ಬಲ್ಲವರಿಲ್ಲದೆ ಇಳಿಯಲೇಕೂಡದು. ತಲೆ ಬಗ್ಗಿಸಿ, ಮೊಣಕಾಲು ಮಡಿಸಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿದ್ದಂತೆ ಹೊರಗಿನ ಬಿಸಿಲು ಬೆನ್ನ ಹಿಂದೆ ಒಂದು ಚುಕ್ಕೆಯಾಗಿ, ಆಮೇಲೆ ಅದೂ ಅಳಿಸಿಹೋಗುತ್ತದೆ. ಒಳಗೆ ಕೋಣೆಯ ಪಕ್ಕ ಕೋಣೆ. ಇದು ಪೂಜೆಯ ಮನೆ, ಇದು ಮಲಗುವ ಜಗಲಿ, ಇದು ಸ್ನಾನದ ಮನೆ, ಇದು ನೀರು ಹರಿದುಹೋಗುವ ದಾರಿ, ಇದು ಸಭೆ ಕೂಡುತ್ತಿದ್ದ ಜಾಗ ಎಂದು ಜೊತೆಗೆ ಬಂದವನು ದೀಪ ಹಿಡಿದು ತೋರಿಸುತ್ತಾನೆ. ಗೋಡೆಯಲ್ಲಿ ಅಲ್ಲಲ್ಲಿ ಬಣ್ಣದ ಕುರುಹು. ತಪಸ್ವಿಗಳಿದ್ದರೆಂದು ಕೆಲವರು, ಅರಸರು ಅಡಗಿ ಆಲೋಚನೆ ನಡೆಸುತ್ತಿದ್ದರೆಂದು ಕೆಲವರು ಹೇಳುತ್ತಾರೆ. ಅಂಕಲಿಯ ಕಡೆಯಿಂದ ಬಂದ ಸ್ವಾಮಿಗಳು ನೆಲೆಸಿದ್ದರಿಂದ ಈ ಹೆಸರು ಬಂತೆಂಬುದು ರೂಢಿಯ ಮಾತು. ಇದ್ದವರು ಯಾರಾದರಾಗಲಿ, ಬೇಸಗೆಯ ಉರಿಬಿಸಿಲಿನಲ್ಲಿಯೂ ತಣ್ಣಗಿರುವ ಈ ಕಲ್ಲುಮನೆಯನ್ನು ಕಂಡವರು ಅವರ ಬುದ್ಧಿಯನ್ನು ಮೆಚ್ಚದೆ ಇರಲಾರರು. ಒಳಗೆ ಸಂತೋಷವಾಗಿ ಇಳಿದ ಮಕ್ಕಳು ದೀಪ ಒಮ್ಮೆ ಆರಿಸಿದೊಡನೆ ತಾಯಿಯ ಸೆರಗು ಹಿಡಿಯುವುದನ್ನೂ ಇಲ್ಲಿ ನೋಡಬಹುದು.

ಇನ್ನು ದುರ್ಗದ ಅರಸರ ಮನೆ. ವಿಜಯನಗರದ ಕಾಲದಲ್ಲಿ, 1568ರಲ್ಲಿ, ತಿಮ್ಮಣ್ಣ ನಾಯಕನಿಂದ ಮೊದಲಾದ ನಾಯಕರ ಆಳ್ವಿಕೆ 1779ರಲ್ಲಿ ಹೈದರಾಲಿಯು ಕೋಟೆಯನ್ನು ಹಿಡಿದು ಕಡೆಯ ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ಯುವವರೆಗೆ ಇನ್ನೂರು ವರ್ಷಕ್ಕೂ ಮೇಲ್ಪಟ್ಟು ನಡೆಯಿತು. ಅವರು ಕಟ್ಟಿಸಿದ ಕೋಟೆಯನ್ನು ನೋಡಿದರೆ ಕಲ್ಲಿನ ಕೆಲಸದಲ್ಲಿ ಅವರ ಜನಕ್ಕಿದ್ದ ಪ್ರವೀಣತೆ ಬೆರಗುಗೊಳಿಸುತ್ತದೆ. ಕಲ್ಲಿಗೆ ಕಲ್ಲು ಕೂಡಿಸಿದಲ್ಲಿ ಗಾರೆಯ ಹಂಗಿಲ್ಲದ ಗೋಡೆಗಳು, ಹಾವಿನಂತೆ ಹೊರಳಿ ಶತ್ರುವಿನ ಆನೆಗೆ ಓಟ ತಪ್ಪಿಸುವ ಬಾಗಿಲುಗಳು, ತುಪ್ಪದ ಕೊಳ, ಮದ್ದು ಬೀಸುವ ಕಲ್ಲು. ಮೇಲೆ ಬಿದ್ದ ಮಳೆಯ ಒಂದು ಹನಿಯೂ ಪೋಲಾಗದಂತೆ ಗೋಪಾಲಸ್ವಾಮಿ ಹೊಂಡ, ಅಲ್ಲಿಂದ ಅಕ್ಕತಂಗಿಯರ ಹೊಂಡ, ಕೆಳಗೆ ಸಿಹಿನೀರು ಹೊಂಡ, ಕಡೆಗೆ ಊರೊಳಗಣ ಸಂತೆಹೊಂಡ. ನೀರಿಲ್ಲದ ಸೀಮೆಯ ಜಾಣ್ಮೆ ಇದು. ಕೋಟೆಯ ಬಲದಲ್ಲಿ ಅರ್ಧ ಕಲ್ಲಿನದಾದರೆ ಇನ್ನರ್ಧ ಈ ಹೊಂಡಗಳದು.

ಇಂಥ ಕಲ್ಲುಕುಟಿಗರನ್ನಿಟ್ಟುಕೊಂಡಿದ್ದ ನಾಯಕರು ತಮ್ಮ ಮನೆಯನ್ನು ಮಾತ್ರ ಮಣ್ಣಿನಿಂದ ಕಟ್ಟಿಸಿದರು! ಮೇಲುದುರ್ಗದಲ್ಲಿ ಅರಮನೆಯೆಂದು ತೋರಿಸುವ ಸ್ಥಳದಲ್ಲಿ ಇಂದು ಕಾಣುವುದು ದಪ್ಪನೆಯ ಮಣ್ಣಿನ ಗೋಡೆಗಳು. ಮಾಡಿಲ್ಲ, ತೊಲೆಯಿಲ್ಲ, ಬಾಗಿಲಿನ ಚೌಕಟ್ಟಿಲ್ಲ. ಗಾಳಿ ಮಳೆಗಳು ತೀಡಿ ತೀಡಿ ಗೋಡೆಯ ನೆತ್ತಿ ಹುತ್ತದ ಹಾಗಾಗಿದೆ. ದೇವರಿಗೆ ಕಲ್ಲು, ಶತ್ರುವಿಗೆ ಕಲ್ಲು, ತಮಗೆ ಮಣ್ಣು. ದುರ್ಗದ ಬಿಸಿಲನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಹಗಲೆಲ್ಲ ಕಾದ ಕಲ್ಲು ರಾತ್ರಿಯೂ ಕಾವು ಬಿಡುತ್ತದೆ. ದಪ್ಪ ಮಣ್ಣಿನ ಗೋಡೆಯೊಳಗೆ ನಿದ್ದೆ ಬರುತ್ತದೆ. ಈ ಸೀಮೆಯಲ್ಲಿ ಮಳೆ ಕಡಮೆಯಾದ್ದರಿಂದಲೇ ಮಾಡು ಹೋದಮೇಲೂ ಆ ಗೋಡೆಗಳು ಇಷ್ಟು ಕಾಲ ನಿಂತಿವೆ. ಮಲೆನಾಡಿನಲ್ಲಾಗಿದ್ದರೆ ನಾಲ್ಕು ಮಳೆಗಾಲಕ್ಕೆ ಮಣ್ಣು ಮಣ್ಣಿಗೆ ಸೇರುತ್ತಿತ್ತು.

ಈ ಗೋಡೆಗಳ ಮುಂದೆ ಪ್ರವಾಸಿಗರು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನೋಡಲು ಏನಿದೆಯೆಂದು ಮಕ್ಕಳು ಕೇಳುತ್ತಾರೆ. ತಂದೆಯರಿಗೂ ಉತ್ತರ ತೋಚುವುದಿಲ್ಲ. ಅದೇ ಮಕ್ಕಳು ಒಬವ್ವನ ಕಿಂಡಿಯ ಹತ್ತಿರ ಮೈಮರೆತು ನಿಲ್ಲುತ್ತಾರೆ. ಆ ಕಿಂಡಿಯೆಂದರೆ ಬಂಡೆಗಳ ನಡುವಣ ಒಂದು ಸಂದು, ಅಷ್ಟೆ. ಅರಮನೆಗಿಂತ ಅಲ್ಲಿ ನೋಡುವುದು ಇನ್ನೂ ಕಡಮೆ. ಆದರೆ ಅಲ್ಲಿ ಅವರ ಕಣ್ಣು ಮೊದಲೇ ಏನನ್ನೋ ಕಂಡು ಬಂದಿರುತ್ತದೆ.

ಅದನ್ನು ತೋರಿಸಿದ್ದು 1972ರ ಡಿಸೆಂಬರಿನಲ್ಲಿ ತೆರೆಕಂಡ ‘ನಾಗರಹಾವು’. ದುರ್ಗದ ಸೀಮೆಯ ತಳುಕಿನ ಮನೆತನದವರಾದ ತ. ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಚಿತ್ರ, ನಿರ್ಮಾಪಕರು ಎನ್. ವೀರಾಸ್ವಾಮಿ. ಹಿಂದೆ ‘ವಂಶವೃಕ್ಷ’ದಲ್ಲಿ ಚಿಕ್ಕದೊಂದು ಪಾತ್ರ ಮಾಡಿದ್ದ ಸಂಪತ್‌ಕುಮಾರ್ ಎಂಬ ತರುಣನು ಈ ಚಿತ್ರದಿಂದ ವಿಷ್ಣುವರ್ಧನನಾದನು. ಜಲೀಲನೆಂಬ ಪುಂಡನ ಪಾತ್ರದಲ್ಲಿ ಅಂಬರೀಷ್ ಮೊದಲ ಸಲ ತೆರೆಗೆ ಬಂದರು. ಅಲಮೇಲುವಾಗಿ ಆರತಿ, ಮಾರ್ಗರೆಟ್ ಆಗಿ ಶುಭಾ, ಚಾಮಯ್ಯ ಮೇಷ್ಟ್ರಾಗಿ ಕೆ. ಎಸ್. ಅಶ್ವತ್ಥ್, ಅವರ ಮಡದಿಯಾಗಿ ಲೀಲಾವತಿ. ಇದೆಲ್ಲ ಕನ್ನಡದ ಮನೆಗಳಲ್ಲಿ ಬಾಯಿಪಾಠವಾಗಿರುವ ಸಂಗತಿ, ಹೆಚ್ಚು ಹೇಳಬೇಕಾಗಿಲ್ಲ.

ಹೇಳಬೇಕಾದದ್ದು ಚಿತ್ರವು ಕೋಟೆಯನ್ನು ಬಳಸಿಕೊಂಡ ರೀತಿ. ಅಲ್ಲಿಯವರೆಗೆ ಕೋಟೆಯೆಂದರೆ ಕಿರೀಟ, ಕತ್ತಿ, ಅಂಬಾರಿಗಳ ಕಥೆಗೆ ಹಿನ್ನೆಲೆಯೆಂಬ ಭಾವನೆಯಿತ್ತು. ಪುಟ್ಟಣ್ಣನವರು ಅಲ್ಲಿಗೆ ಕಾಲೇಜು ಓದುವ ಒಬ್ಬ ಸಿಡುಕು ಹುಡುಗನನ್ನು ಹತ್ತಿಸಿದರು. ರಾಮಾಚಾರಿಗೆ ಮನೆಯಲ್ಲಿ ನೆಮ್ಮದಿಯಿಲ್ಲ, ತರಗತಿಯಲ್ಲಿ ಮರ್ಯಾದೆಯಿಲ್ಲ. ಅವನ ಕೋಪಕ್ಕೂ ಪ್ರೇಮಕ್ಕೂ ಸರಿಯಾದ ಅಳತೆಯ ಜಾಗ ದೊರೆಯುವುದು ಆ ಬಂಡೆಗಳ ಮೇಲೆ ಮಾತ್ರ. ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ಅಲಮೇಲುವನ್ನು ಬಿಟ್ಟುಕೊಡುವವನೂ ಅವನೇ, ಕಡೆಗೆ ಅದೇ ಮೇಷ್ಟ್ರು ಬಂಡೆಯಿಂದ ಬಿದ್ದು ಸಾಯುವುದನ್ನು ನೋಡಿ ಮಾರ್ಗರೆಟ್ಟಳೊಡನೆ ಅದೇ ಹಾದಿ ಹಿಡಿಯುವವನೂ ಅವನೇ. ಊರೊಳಗಿನ ಮನೆಗಳಲ್ಲಿ ಜಾತಿ, ಮಾನ, ಮದುವೆಗಳ ಕಟ್ಟು. ಬೆಟ್ಟದ ಮೇಲೆ ಗಾಳಿ. ಚಿತ್ರದ ಕಥೆಯೆಲ್ಲ ಈ ಎರಡರ ನಡುವೆ ಹತ್ತಿ ಇಳಿಯುತ್ತದೆ. ಕೋಟೆಯು ಹಿನ್ನೆಲೆಯಾಗಿ ಉಳಿಯದೆ ರಾಮಾಚಾರಿಯ ಮನೆಯೇ ಆಗಿಬಿಡುತ್ತದೆ. ಅಜ್ಜಿಯ ಪ್ರಶ್ನೆಗೆ ಇದೊಂದು ಉತ್ತರವಾದೀತು.

ಛಾಯಾಗ್ರಾಹಕ ಚಿಟ್ಟಿಬಾಬು ಅವರ ಕೈಚಳಕವನ್ನು ಇಲ್ಲಿ ನೆನೆಯಬೇಕು. ನಾಯಕ ನಾಯಿಕೆಯರ ಒಂದು ಹಾಡನ್ನು ಅವರು ಆದಿಯಿಂದ ಅಂತ್ಯದವರೆಗೆ ನಿಧಾನಗತಿಯಲ್ಲಿ ತೆಗೆದರು. ಚಲಚ್ಚಿತ್ರದ ಸುರುಳಿ ತೆರೆಯ ಮೇಲೆ ಸೆಕೆಂಡಿಗೆ 24 ಚಿತ್ರಗಳಂತೆ ಓಡುವುದು ವಾಡಿಕೆ. ತೆಗೆಯುವಾಗ ಕ್ಯಾಮರಾವನ್ನು ಇದಕ್ಕಿಂತ ವೇಗವಾಗಿ ಓಡಿಸಿ ಹೆಚ್ಚು ಚಿತ್ರಗಳನ್ನು ಹಿಡಿದರೆ, ಅವು ತೆರೆಯ ಮೇಲೆ 24ರ ಲೆಕ್ಕದಲ್ಲಿ ಬರುವಾಗ ಚಲನೆಯೆಲ್ಲ ಮಂದವಾಗುತ್ತದೆ. ಸೀರೆಯ ಸೆರಗು ನೀರಿನಲ್ಲಿ ತೇಲಿದಂತೆ ತೇಲುತ್ತದೆ. ಓಡಿದವರು ಓಡುತ್ತಲೇ ಇದ್ದರೂ ತಲುಪುವುದಿಲ್ಲ. ಅಲುಗದ ಬಂಡೆಗಳ ನಡುವೆ ಈ ತೇಲುವ ನಡಿಗೆಯನ್ನು ಕಂಡ ಆ ಕಾಲದ ಪ್ರೇಕ್ಷಕರು ಬೆರಗಾದದ್ದು ಸಹಜ. ಇಂದು ಆ ಮೆಟ್ಟಿಲುಗಳಲ್ಲಿ ತರುಣ ದಂಪತಿಗಳು ಬೇಕೆಂದೇ ಮೆಲ್ಲಗೆ ಓಡಿ, ಗೆಳೆಯರಿಂದ ಚಿತ್ರ ತೆಗೆಸಿಕೊಂಡು, ತಾವೇ ನಗುವುದುಂಟು.

ಹುಡುಗರ ಕಥೆಯ ನಡುವೆ ಬಿಡಿಯಾಗಿ ಬರುವ ಒಬವ್ವನ ಪ್ರಸಂಗವಂತೂ ಚಿತ್ರವನ್ನೇ ಮೀರಿ ಬೆಳೆಯಿತು. ಹೈದರನ ಪಡೆ ಕೋಟೆಗೆ ಮುತ್ತಿಗೆ ಹಾಕಿದ್ದಾಗ, ಕಾವಲಿನ ಮುದ್ದಹನುಮನು ಊಟಕ್ಕೆ ಕುಳಿತಿದ್ದ ಹೊತ್ತಿನಲ್ಲಿ, ನೀರಿಗೆಂದು ಹೋದ ಅವನ ಹೆಂಡತಿ ಕಿಂಡಿಯಲ್ಲಿ ನುಸುಳುತ್ತಿದ್ದ ಶತ್ರುಗಳನ್ನು ಕಂಡು, ಒನಕೆಯಿಂದ ಒಬ್ಬೊಬ್ಬರನ್ನಾಗಿ ಬಡಿದು ಕೊಂದಳೆಂಬುದು ದುರ್ಗದ ಜನ ತಲೆಯಿಂದ ತಲೆಗೆ ಹೇಳಿಕೊಂಡು ಬಂದ ಕಥೆ. ಊಟಕ್ಕೆ ಕುಳಿತ ಗಂಡನನ್ನು ಎಬ್ಬಿಸದೆ ತಾನೇ ಒನಕೆ ಹಿಡಿದಳೆಂಬ ಒಂದು ಮಾತೇ ಸಾಕು, ಅದು ಹೆಣ್ಣುಮಕ್ಕಳ ಬಾಯಿಂದ ಬೆಳೆದ ಕಥೆಯೆಂದು ತಿಳಿಯಲು. ತೆರೆಯ ಮೇಲೆ ಜಯಂತಿಯವರು ಕೆಲವೇ ನಿಮಿಷ ಕಾಣಿಸಿಕೊಂಡರು. ಪಿ. ಬಿ. ಶ್ರೀನಿವಾಸರ ಕಂಠ, ಚಿ. ಉದಯಶಂಕರರ ಪದಗಳು, ವಿಜಯಭಾಸ್ಕರರ ಸಂಗೀತ, ಮಾತು ಕಡಮೆ. ಅಂದಿನಿಂದ ಕನ್ನಡ ನಾಡಿನ ಯಾವ ಮೂಲೆಯ ಶಾಲೆಯಲ್ಲಿ ವಾರ್ಷಿಕೋತ್ಸವ ನಡೆದರೂ ಕಚ್ಚೆ ಬಿಗಿದು ಒನಕೆ ಎತ್ತಿದ ಒಬ್ಬ ಹುಡುಗಿ ವೇದಿಕೆಗೆ ಬರುತ್ತಾಳೆ. ಅವಳು ಎತ್ತುವ ಒನಕೆ ಜಯಂತಿಯವರು ಎತ್ತಿದಂತೆಯೇ ಇರುತ್ತದೆ. ದುರ್ಗದ ಕ್ರೀಡಾಂಗಣಕ್ಕೆ ಒಬವ್ವನ ಹೆಸರಾಯಿತು, ಜಿಲ್ಲಾಧಿಕಾರಿಗಳ ಕಚೇರಿಯ ಮುಂದೆ ಅವಳ ವಿಗ್ರಹ ನಿಂತಿತು. 2021ರಿಂದ ನವೆಂಬರ್ 11ರಂದು ಸರಕಾರವೇ ಒಬವ್ವನ ಜಯಂತಿಯನ್ನು ಆಚರಿಸುತ್ತಿದೆ.

ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ಸಣ್ಣದೊಂದು ಇರಿಸುಮುರಿಸು. ಕಲ್ಲಿನಲ್ಲಿ ಬರೆಸಿದ ಮಯೂರಶರ್ಮನನ್ನು ಕೇಳುವವರಿಲ್ಲ. ಜನರ ಬಾಯಲ್ಲಿ ಮಾತ್ರ ಬದುಕಿದ್ದ ಒಬವ್ವ ಮನೆಮನೆಯ ಮಾತಾದಳು. ಆದರೆ ದೂರುವುದಾದರೂ ಯಾರನ್ನು? ಅರಸನಿಗೆ ಶಾಸನ ಬರೆಯುವವನಿದ್ದ. ಕಹಳೆಯವನ ಹೆಂಡತಿಗೆ ಯಾರು ಬರೆಯಬೇಕಿತ್ತು? ಇನ್ನೂರು ವರ್ಷ ತಡವಾಗಿ, ಸುರುಳಿಯ ಮೇಲೆ, ಅವಳಿಗೊಂದು ಶಾಸನ ದೊರೆಯಿತೆನ್ನೋಣ. ಅದನ್ನು ಓದಲು ಪ್ರಾಕೃತ ಬರಬೇಕಾಗಿಲ್ಲ.

ಕಾದಂಬರಿಕಾರರಿಗೆ ಮಾತ್ರ ಚಿತ್ರ ಹಿಡಿಸಲಿಲ್ಲವಂತೆ. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿದರೆಂದು ತ. ರಾ. ಸು. ಅಂದದ್ದಾಗಿ ಹೇಳುವ ಕಥೆ ದುರ್ಗದಲ್ಲೂ ಹೊರಗೂ ಜನಜನಿತ. ಮೂರು ಕಾದಂಬರಿಗಳನ್ನು ಓದಿದವರು ಅವರ ಪಕ್ಷ ವಹಿಸಿದರೆ ತಪ್ಪಿಲ್ಲ. ಓದದವರು ಚಿತ್ರದ ಪಕ್ಷ ವಹಿಸಿದರೂ ತಪ್ಪಿಲ್ಲ. ಮರೆಯಬಾರದ ಸಂಗತಿಯೆಂದರೆ, ಮೇಲುದುರ್ಗದ ಆ ಮಣ್ಣಿನ ಗೋಡೆಗಳಿಗೆ ಮಾಡು ಹೊದಿಸಿ ನಾಯಕರನ್ನು ಮತ್ತೆ ಒಳಗೆ ನಡೆದಾಡಿಸಿದವರು ಅವರೇ. ನಾಯಕರ ಕಥೆಯ ಕಾದಂಬರಿಗಳ ಸಾಲಿನಲ್ಲಿ ಕಡೆಯದಾದ ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ 1985ರ ಪ್ರಶಸ್ತಿ ಬಂತು. ಅದನ್ನು ಕೈಯಾರೆ ಪಡೆಯಲು ಅವರಿರಲಿಲ್ಲ, 1984ರಲ್ಲಿಯೇ ತೀರಿಕೊಂಡಿದ್ದರು. ಅವರ ‘ಹಂಸಗೀತೆ’ಯೂ ದುರ್ಗದ ಒಬ್ಬ ಸಂಗೀತಗಾರನ ಕಥೆ. 1975ರಲ್ಲಿ ಜಿ. ವಿ. ಅಯ್ಯರ್ ಅದನ್ನು ಚಿತ್ರ ಮಾಡಿದರು. ಒಂದೇ ಊರಿನ ಬಂಡೆಗಳಿಂದ ಒಬ್ಬನೇ ಲೇಖಕ ಇಷ್ಟು ಕಥೆಗಳನ್ನು ಬಿಡಿಸಿ ತಂದದ್ದು ವಿರಳ. ಪುಟ್ಟಣ್ಣನವರು 1974ರಲ್ಲಿ ‘ಜಹರೀಲಾ ಇನ್ಸಾನ್’ ಎಂದು ‘ನಾಗರಹಾವ’ನ್ನೇ ಹಿಂದಿಗೆ ಒಯ್ದರು. ಋಷಿ ಕಪೂರ್ ನಾಯಕ, ಬಂಡೆಗಳು ದುರ್ಗದವೇ. ಕನ್ನಡದಲ್ಲಿ ಕಚ್ಚಿದ ಹಾವು ಹಿಂದಿಯಲ್ಲಿ ಕಚ್ಚಲಿಲ್ಲ.

ಚಿತ್ರೀಕರಣದಿಂದ ಹೆಸರಾದ ಮನೆಯನ್ನೇ ಕಣ್ಣಾರೆ ನೋಡಬೇಕೆನ್ನುವವರು ಆಗುಂಬೆಗೆ ಹೋಗಬೇಕು. ಆರ್. ಕೆ. ನಾರಾಯಣರ ಕಥೆಗಳನ್ನು ‘ಮಾಲ್ಗುಡಿ ಡೇಸ್’ ಎಂದು ದೂರದರ್ಶನಕ್ಕೆ ಇಳಿಸಿದ ಶಂಕರನಾಗ್ ಅವರು 1980ರ ದಶಕದ ನಡುವಿನಲ್ಲಿ ಆಗುಂಬೆಯನ್ನೇ ಮಾಲ್ಗುಡಿ ಮಾಡಿದರು. ಅಲ್ಲಿಯ ದೊಡ್ಡಮನೆ ಬಾಲಕ ಸ್ವಾಮಿಯ ಮನೆಯಾಯಿತು. ನೂರು ವರ್ಷಕ್ಕೂ ಹಳೆಯದಾದ, ಮರದ ಕಂಬಗಳ, ನಡುವೆ ಅಂಗಳವಿರುವ ಆ ಮನೆಯಲ್ಲಿ ಯಜಮಾನರ ಸಂಸಾರ ಚಿತ್ರೀಕರಣಕ್ಕೆ ಮೊದಲೂ ಇತ್ತು, ಆಮೇಲೂ ಇತ್ತು. ಬಂದವರಿಗೆ ಜಗಲಿಯಲ್ಲಿ ಕೂರಿಸಿ ಕಷಾಯ ಕೊಡುವ ಪದ್ಧತಿಯಿಂದ ಆ ಮನೆ ಹೆಸರಾಯಿತು. ದಿನಕ್ಕೆ ನೂರಾರು ಅಂಗುಲವಲ್ಲದಿದ್ದರೂ ನಾಡಿನಲ್ಲೇ ಹೆಸರಾದ ಮಳೆ ಸುರಿಯುವ ಆ ಊರಿನಲ್ಲಿ ಮನೆ ಉಳಿದಿರುವುದು ವರ್ಷವರ್ಷವೂ ಯಾರೋ ಹಂಚು ಸರಿಪಡಿಸಿ, ನೆಲ ಸಾರಿಸಿ, ಒಲೆ ಉರಿಸುತ್ತ ಬಂದದ್ದರಿಂದ. ಕ್ಯಾಮರಾ ಮನೆಗೆ ಕೀರ್ತಿ ತರಬಲ್ಲುದು. ಸೋರುವ ಮಾಡಿಗೆ ಹಂಚು ಹೊದಿಸಲಾರದು.

ದುರ್ಗದ ಅರಮನೆಗೆ ಅಂಥ ಭಾಗ್ಯವಿಲ್ಲ. ಒಲೆ ಆರಿ ಇನ್ನೂರನಲವತ್ತು ವರ್ಷಗಳಿಗೂ ಮೇಲಾಯಿತು. ಕೋಟೆಯು ಭಾರತೀಯ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆಯಾದರೂ, ಪ್ರತಿಯೊಂದು ಗೋಡೆಯ ಪಕ್ಕದಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಲಾಗುವುದಿಲ್ಲ. ಬಂಡೆಯ ಮೇಲೆ ಹೆಸರು ಕೆತ್ತುವ ಚಪಲ ನಮ್ಮ ಜನಕ್ಕೆ ಇನ್ನೂ ಹೋಗಿಲ್ಲ. ಕಲ್ಲಾದರೆ ಗೀರು ಬಿದ್ದರೂ ನಿಂತೀತು. ಮಣ್ಣಿನ ಗೋಡೆಗೆ ಒಂದು ಮಗು ಹತ್ತಿ ಜಾರಿದರೂ ಒಂದು ಬೊಗಸೆ ಅರಮನೆ ಕೆಳಗಿಳಿಯುತ್ತದೆ. ಚಿತ್ರ ನೋಡಿ ಬಂದ ಸಾವಿರ ಜನರಲ್ಲಿ ನೂರು ಜನ ಇಲ್ಲಿಗೂ ಬಂದು, ಮುಟ್ಟದೆ, ಸುಮ್ಮನೆ ನಿಂತು ನೋಡಿದರೆ ರಾಮಾಚಾರಿಯಿಂದ ನಾಯಕರಿಗೆ ಒಂದು ಉಪಕಾರವಾದಂತೆ.

ಆ ತಂಡದ ಅಜ್ಜಿ ಬಂದಿದ್ದರು. ಮಾರ್ಗದರ್ಶಿಯು ಬಂಡೆ ತೋರಿಸಿದ ಮೇಲೆ, ಕಾಲು ನೋವೆಂದು ಉಳಿದವರು ಹಿಂತಿರುಗುವ ಮಾತಾಡುತ್ತಿದ್ದಾಗ, ಅವರು ಮಾತ್ರ ಮೊಮ್ಮಗಳ ಕೈ ಹಿಡಿದುಕೊಂಡು ಅರಮನೆಯ ಮಣ್ಣಿನ ಗೋಡೆಗಳವರೆಗೆ ನಡೆದರು. ಒಳಗೆ ಬಿಸಿಲು ಬಿದ್ದಿತ್ತು. ಗೋಡೆಯ ನೆರಳಿನಲ್ಲಿ ಕುಳಿತು ಸ್ವಲ್ಪ ಹೊತ್ತು ಸುತ್ತಲೂ ನೋಡಿದರು.

“ಅಡಿಗೆ ಮನೆ ಯಾವುದಪ್ಪಾ ಇದರಲ್ಲಿ?”

“ಗೊತ್ತಿಲ್ಲಜ್ಜಿ. ಯಾರೂ ಕೇಳಿರ್ಲಿಲ್ಲ” ಎಂದ ಮಾರ್ಗದರ್ಶಿ.

ಅಜ್ಜಿ ಗೋಡೆಗೆ ಒರಗದೆ, ಎದ್ದು, ನೆಲದಲ್ಲಿ ಕಲ್ಲು ಹಾಸಿದ ಒಂದು ಮೂಲೆಯನ್ನು ತಮ್ಮ ಕೋಲಿನಿಂದ ತೋರಿಸಿ, “ಇಲ್ಲೇ ಇದ್ದೀತು, ನೀರು ಹೋಗೋಕೆ ಇಳಿಜಾರು ಮಾಡಿದಾರೆ ನೋಡು” ಎಂದರು. ಮೊಮ್ಮಗಳು ಬಗ್ಗಿ ನೋಡಿದಳು. ಮಾರ್ಗದರ್ಶಿಯೂ ಬಗ್ಗಿ ನೋಡಿದ. ಚಂದ್ರವಳ್ಳಿಗೆ ಹೋಗುವುದಕ್ಕೆ ಹೊತ್ತಾಯಿತೆಂದು ಕೆಳಗಿನಿಂದ ಯಾರೋ ಕೂಗುತ್ತಿದ್ದರು.